ಮೀನಿನ ಮುಳ್ಳಿಗೂ ವಿಷ ಇರುತ್ತಾ? ತಣ್ಣೀರ ಕಡಲಿನ ಬಂಡೆಮೀನಿನ ವಿಚಾರ

ಹೋದ ಭಾನುವಾರ ಬೆಳಿಗ್ಗೆ ಆರೂವರೆ ಇರಬೇಕು. ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಆಚೆಯಿಂದಲೇ ಕೂಗಿದರು. "ಮೇಷ್ಟ್ರೇ, ಮೀನು ಚುಚ್ಚಿದ್ರೆ ವಿಷ ಏರ್ತದಾ?"

ಅವರ ಮಗ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. ಗೆಳೆಯರ ಜೊತೆ ದೋಣಿ ಹತ್ತಿ ಸಮುದ್ರಕ್ಕೆ ಗಾಳ ಹಾಕಲು ಹೋಗಿದ್ದ. ಸಿಕ್ಕ ಮೀನನ್ನು ಗಾಳದಿಂದ ಬಿಡಿಸುವಾಗ ಅದರ ಬೆನ್ನಿನ ಮುಳ್ಳು ಹೆಬ್ಬೆರಳಿಗೆ ನೆಟ್ಟಿದೆ. ವಾಟ್ಸಾಪಿನಲ್ಲಿ ಫೋಟೊ ಕಳಿಸಿ, ಕೆಳಗೆ 'ವಿಷದ ಮೀನಂತೆ, ಹಹ್ಹಾ' ಅಂತ ಬರೆದಿದ್ದ. ಅಮ್ಮನ ಕಣ್ಣಿಗೆ ಆ ನಗು ಬೀಳುತ್ತಾ? ಬಿದ್ದದ್ದು 'ವಿಷ' ಅನ್ನೋ ಪದ ಒಂದೇ.

ನಾನು ಕುಣಿಗಲ್‌ನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಬೀದಿಯಲ್ಲಿ ಯಾರಿಗೆ ಏನು ಚುಚ್ಚಿದರೂ ಮೊದಲು ನನ್ನ ಮನೆ ಬಾಗಿಲಿಗೇ ಬರುತ್ತಾರೆ. ಅಕ್ಕನಿಗೆ ಅವತ್ತು ಕಾಂಪೌಂಡಿನ ಮೇಲೆಯೇ ಅರ್ಧ ಗಂಟೆ ಹೇಳಿದ್ದನ್ನು, ಆಮೇಲೆ ಅವರು ಒಂದೊಂದಾಗಿ ಕೇಳಿದ ಪ್ರಶ್ನೆಗಳ ಸಮೇತ, ಇಲ್ಲಿ ಬರೆದಿದ್ದೇನೆ. ಈಗ ನಮ್ಮ ತುಮಕೂರು ಜಿಲ್ಲೆಯಲ್ಲಿ ಊರಿಗೆ ನಾಲ್ಕು ಮಕ್ಕಳಾದರೂ ಆ ಕಡೆ ಇದ್ದಾರಲ್ಲ. ಇನ್ನೊಂದು ಮನೆಗೂ ಇದೇ ಫೋಟೊ ಬರಬಹುದು.

ಯಾವ ಮೀನು ಇದು?

ಫೋಟೊ ನೋಡಿದೆ. ಅಂಗೈಗಿಂತ ದೊಡ್ಡದು, ದಪ್ಪ ತಲೆ, ದೊಡ್ಡ ಕಣ್ಣು. ಕಂದುಗಪ್ಪು ಮೈಮೇಲೆ ಅಲ್ಲಲ್ಲಿ ಹಳದಿ ತೇಪೆ. ಗಂಟಲ ಕೆಳಗೆ ಕಿತ್ತಳೆ-ಕಂದು ಚುಕ್ಕೆ. ಬೆನ್ನಿನ ರೆಕ್ಕೆ ಮಾತ್ರ ಒಮ್ಮೆ ನೋಡಿದರೆ ಮರೆಯೋ ಹಾಗಿಲ್ಲ. ಒಂದೊಂದು ಮುಳ್ಳೂ ಉದ್ದಕ್ಕೆ ನಿಂತಿದೆ, ಎರಡು ಮುಳ್ಳಿನ ನಡುವಿನ ಚರ್ಮ ಆಳಕ್ಕೆ ಕತ್ತರಿಸಿದ ಹಾಗಿದೆ. ಸಿಟ್ಟು ಬಂದ ಮುಳ್ಳುಹಂದಿಯ ಬೆನ್ನು ಕಂಡಂತೆ.

ಹೆಸರೂ ಅದೇ. ಇಂಗ್ಲಿಷಿನಲ್ಲಿ ಇದನ್ನು ಕ್ವಿಲ್‌ಬ್ಯಾಕ್ ರಾಕ್‌ಫಿಶ್ ಅನ್ನುತ್ತಾರೆ. ಕ್ವಿಲ್ ಅಂದರೆ ಮುಳ್ಳುಹಂದಿಯ ಮುಳ್ಳು. ವಿಜ್ಞಾನಿಗಳು 1880ರಲ್ಲಿ ಇಟ್ಟ ಹೆಸರು ಸೆಬಾಸ್ಟಿಸ್ ಮ್ಯಾಲಿಜರ್. ಮ್ಯಾಲಿಜರ್ ಅಂದರೆ ಹಡಗಿನ ಪಟಸ್ತಂಭ ಹೊತ್ತದ್ದು ಅಂತ ಅರ್ಥ. ಅದೂ ಆ ಎತ್ತರದ ರೆಕ್ಕೆ ನೋಡಿಯೇ ಇಟ್ಟಿದ್ದು. ನಮ್ಮ ಕಡೆ ಸಿಗದ ಮೀನು, ಹಾಗಾಗಿ ನಾನು ಸುಮ್ನೆ ಬಂಡೆಮೀನು ಅಂತ ಕರೆಯುತ್ತೇನೆ. ಬಂಡೆಗಳ ಸಂದಿಯಲ್ಲೇ ಇದರ ಬದುಕು.

ಸೆಬಾಸ್ಟಿಸ್ ಅನ್ನೋದು ದೊಡ್ಡ ಮನೆತನ. ನೂರಕ್ಕೂ ಜಾಸ್ತಿ ಜಾತಿಗಳಿವೆ. ಬಹುಪಾಲು ಪೆಸಿಫಿಕ್ ಸಾಗರದ ಉತ್ತರ ಭಾಗದಲ್ಲಿವೆ, ಕೆಲವು ಅಟ್ಲಾಂಟಿಕ್‌ನಲ್ಲಿವೆ. ಕೆಂಪು, ಕಪ್ಪು, ತಾಮ್ರದ ಬಣ್ಣ, ಹುಲಿಪಟ್ಟೆ, ಹೀಗೆ ವೇಷ ಬೇರೆ ಬೇರೆ. ಬೆನ್ನಿನಲ್ಲಿ ಸುಮಾರು 13 ಗಟ್ಟಿ ಮುಳ್ಳು, ಹೊಟ್ಟೆಯ ಕೆಳಗಿನ ರೆಕ್ಕೆಗಳಲ್ಲಿ ಇನ್ನೊಂದಷ್ಟು, ಇದು ಎಲ್ಲಕ್ಕೂ ಸಾಮಾನ್ಯ. ಕ್ವಿಲ್‌ಬ್ಯಾಕ್ ಅಲಾಸ್ಕಾದಿಂದ ಕ್ಯಾಲಿಫೋರ್ನಿಯಾವರೆಗಿನ ಕರಾವಳಿಯಲ್ಲಿ ಸಿಗುತ್ತದೆ. ಎಷ್ಟೇ ಬೆಳೆದರೂ ಎರಡು ಅಡಿ ದಾಟುವುದಿಲ್ಲ, 61 ಸೆಂಟಿಮೀಟರ್ ಅದರ ಗರಿಷ್ಠ ಉದ್ದ.

ಅಕ್ಕನ ಮಗ ಇದೇ ಕುಲದ ಮೀನನ್ನು ಗೊತ್ತಿಲ್ಲದೇ ಎಷ್ಟೋ ಸಲ ತಿಂದಿರಬಹುದು. ಆ ಕರಾವಳಿಯ ಹೋಟೆಲುಗಳಲ್ಲಿ ರಾಕ್ ಕಾಡ್ ಅಂತಲೋ, ಪೆಸಿಫಿಕ್ ರೆಡ್ ಸ್ನ್ಯಾಪರ್ ಅಂತಲೋ ಬಡಿಸುವುದು ಸಾಮಾನ್ಯವಾಗಿ ಇವುಗಳನ್ನೇ. ಕಾಡ್, ಸ್ನ್ಯಾಪರ್ ಅನ್ನುವ ಮೀನುಗಳೇ ಬೇರೆ, ಇದು ಅವೆರಡೂ ಅಲ್ಲ. ವ್ಯಾಪಾರದ ಹೆಸರು, ಅಷ್ಟೆ.

ತಿನ್ನೋ ಮೀನಿಗೆ ವಿಷ ಹೇಗೆ?

ಅಕ್ಕನ ಎರಡನೇ ಪ್ರಶ್ನೆ ಇದೇ ಆಗಿತ್ತು. "ವಿಷ ಅಂತೀರ, ಹೋಟ್ಲಲ್ಲಿ ತಿಂತಾರೆ ಅಂತೀರ!"

ತೊಡಕು ಇರೋದು ಪದದಲ್ಲಿ. ಕನ್ನಡದಲ್ಲಿ ಎಲ್ಲಕ್ಕೂ ವಿಷ ಅಂತ ಒಂದೇ ಮಾತು. ಆದರೆ ಉಮ್ಮತ್ತಿ ಕಾಯಿಯ ವಿಷ ಬೇರೆ, ಚೇಳಿನ ವಿಷ ಬೇರೆ ಅಂತ ಹಳ್ಳಿಯ ಮಕ್ಕಳಿಗೂ ಗೊತ್ತು. ಉಮ್ಮತ್ತಿ ಕಾಯಿ ಕೈಯಲ್ಲಿ ಹಿಡಿದುಕೊಂಡು ಓಡಾಡಿದರೆ ಏನೂ ಆಗುವುದಿಲ್ಲ, ತಿಂದರೆ ಕೆಡುಕು. ಚೇಳು ತಾನಾಗಿ ಬಂದು ಚುಚ್ಚಬೇಕು, ಚುಚ್ಚಿ ರಕ್ತ ಮಾಂಸದೊಳಗೆ ವಿಷ ಇಳಿಸಬೇಕು. ಮೊದಲನೆಯದು ತಿಂದರೆ ಹತ್ತುವ ವಿಷ, ಎರಡನೆಯದು ಚುಚ್ಚಿ ಇಳಿಸುವ ವಿಷ.

ಮೀನುಗಳಲ್ಲಿ ಎರಡೂ ಬಗೆ ಇವೆ. ಪಫರ್ ಫಿಶ್ ಅಂತ ಚೆಂಡಿನ ಹಾಗೆ ಉಬ್ಬುವ ಮೀನಿದೆಯಲ್ಲ, ಅದು ಉಮ್ಮತ್ತಿ ಪಕ್ಷ. ಅದರ ವಿಷ ಈಲಿಯಂಥ ಅಂಗಗಳಲ್ಲಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಬಂಡೆಮೀನು ಚೇಳಿನ ಪಕ್ಷ. ವಿಷ ಇರುವುದು ಮುಳ್ಳಿನಲ್ಲಿ ಮಾತ್ರ, ಮಾಂಸದಲ್ಲಿ ಇಲ್ಲ. ಮುಳ್ಳು ಕತ್ತರಿಸಿ ಎಸೆದು, ಉಳಿದದ್ದನ್ನು ಆರಾಮವಾಗಿ ಸಾರು ಮಾಡಬಹುದು.

ಬಂಡೆಮೀನಿನ ದೊಡ್ಡ ಬಳಗಕ್ಕೆ ಸ್ಕಾರ್ಪಿಯನ್ ಫಿಶ್ ಅಂತಲೇ ಹೆಸರು, ಅಂದರೆ ಚೇಳು ಮೀನು. ಅಷ್ಟು ಹೇಳಿದ್ದೇ ತಡ, ಅಕ್ಕ ತಟ್ಟನೆ ಅಂದರು. "ನಮ್ಮ ಕೆರೇಲೂ ಅದವಲ್ಲ!"

ಕೆರೆಯ ಚೇಳು ಮೀನು

ಇವೆ. ಅದರಿಂದ ಚುಚ್ಚಿಸಿಕೊಂಡ ಅನುಭವ ನನಗೂ ಇದೆ.

ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ಬೇಸಿಗೆಯಲ್ಲಿ ಕೆರೆ ಬತ್ತಿ, ತೂಬಿನ ಹತ್ತಿರ ಮೊಣಕಾಲುದ್ದ ಕೆಸರು ಉಳಿದಿತ್ತು. ಹುಡುಗರೆಲ್ಲ ಕೆಸರಿಗಿಳಿದು ಕೈಯಲ್ಲೇ ಮೀನು ತಡಕುತ್ತಿದ್ದೆವು. ನುಣ್ಣಗೆ ಏನೋ ಸಿಕ್ಕಿತು. ಹಾವಿನಂತೆ ಜಾರುತ್ತಿತ್ತು. ಗಟ್ಟಿಯಾಗಿ ಹಿಡಿದೆ. ಹಿಡಿದ ಮರುಕ್ಷಣ ಅಂಗೈಯಿಂದ ಭುಜದವರೆಗೆ ಕೆಂಡ ಸುರಿದಂತಾಯಿತು. ಮೇಲೆ ಬಂದಾಗ ನೋಡಿದರೆ ಗಾಯ ಸೂಜಿಮೊನೆಯಷ್ಟು, ಅಳು ಮಾತ್ರ ಊರಿಗೆಲ್ಲ ಕೇಳುವಷ್ಟು. ಬಲೆ ಹಾಕುತ್ತಿದ್ದ ಒಬ್ಬ ಅಜ್ಜ ಬೈದುಕೊಂಡೇ ಕರೆದುಕೊಂಡು ಹೋಗಿ, ಅವರ ಟೀ ಕಾಸುತ್ತಿದ್ದ ಪಾತ್ರೆಯಲ್ಲೇ ನೀರು ಬಿಸಿ ಮಾಡಿ, ಅದರಲ್ಲಿ ಕೈ ಅದ್ದಿಸಿ ಕೂರಿಸಿದರು. "ಎತ್ತಿದ್ರೆ ನೋಡು!" ಅಂತ ಗದರುತ್ತಿದ್ದರು. ನೀರು ಆರಿದಂತೆಲ್ಲ ಮತ್ತೆ ಬಿಸಿ ಸುರಿಯುತ್ತಿದ್ದರು. ಎಷ್ಟು ಹೊತ್ತು ಕೂತೆನೋ, ಉರಿ ಮಾತ್ರ ಇಳಿಯಿತು.

ಈ ಚೇಳು ಮೀನಿನ ಮೀಸೆ ಎಂಟು. ಮೈಮೇಲೆ ಹುರುಪೆ ಇಲ್ಲ. ಕಿವಿರಿನ ಹಿಂದೆ ಎರಡೂ ಪಕ್ಕಕ್ಕೆ ಒಂದೊಂದು ಗಟ್ಟಿ ಮುಳ್ಳಿದೆ, ವಿಷ ಅಲ್ಲೇ. ಗಾಳಿಯನ್ನು ನೇರವಾಗಿ ಉಸಿರಾಡುವ ಶಕ್ತಿ ಇರುವುದರಿಂದ ಕೆರೆ ಬತ್ತಿದರೂ ಕೆಸರಿನಲ್ಲಿ ಬದುಕಿಕೊಂಡಿರುತ್ತದೆ. ಇದನ್ನು ಕೊಯ್ಯುವವರು ಮೊದಲು ಇಕ್ಕಳದಲ್ಲಿ ಆ ಎರಡು ಮುಳ್ಳನ್ನು ಲಟಕ್ ಅಂತ ಮುರಿದು ಹಾಕಿ ಆಮೇಲೆ ಮುಂದಿನ ಕೆಲಸಕ್ಕೆ ಕೈ ಹಾಕುತ್ತಾರೆ.

ಕೆರೆಯ ಚೇಳು ಮೀನಿಗೂ ಪೆಸಿಫಿಕ್ಕಿನ ಬಂಡೆಮೀನಿಗೂ ರಕ್ತಸಂಬಂಧ ಏನೂ ಇಲ್ಲ. ಇದು ಕ್ಯಾಟ್‌ಫಿಶ್ ಜಾತಿ, ಅದು ಬೇರೆಯೇ ವಂಶ. ಮುಳ್ಳಿಗೆ ವಿಷ ಸವರಿಕೊಳ್ಳುವ ಉಪಾಯವನ್ನು ಎರಡೂ ತಮ್ಮ ತಮ್ಮ ಪಾಡಿಗೆ ಕಂಡುಕೊಂಡಿವೆ. ಅಜ್ಜನ ಬಿಸಿನೀರು ಮಾತ್ರ ಎರಡಕ್ಕೂ ಒಂದೇ.

ಮುಳ್ಳು ಚುಚ್ಚಿದಾಗ ಏನಾಗುತ್ತೆ?

ಹಾವಿಗೆ ವಿಷದ ಚೀಲ ಇದೆ, ಅದನ್ನು ಹಿಂಡುವ ಸ್ನಾಯು ಇದೆ. ಚೇಳಿಗೂ ಅಷ್ಟೆ. ಬಂಡೆಮೀನಿಗೆ ಅಂಥ ಪಂಪ್ ಏನೂ ಇಲ್ಲ. ಅದರ ಮುಳ್ಳನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಎರಡು ಪಕ್ಕದಲ್ಲೂ ಉದ್ದಕ್ಕೆ ಕಾಲುವೆಯಂಥ ಗೀರು ಕಾಣುತ್ತದೆ. ಆ ಗೀರಿನಲ್ಲಿ ವಿಷ ತಯಾರಿಸುವ ಮೆತ್ತನೆಯ ಅಂಗಾಂಶ ಕೂತಿರುತ್ತದೆ. ಮೇಲೆ ತೆಳ್ಳನೆ ಚರ್ಮದ ಹೊದಿಕೆ. ಮುಳ್ಳು ಬೆರಳಿಗೆ ನೆಟ್ಟಾಗ ಹೊದಿಕೆ ಕೆಳಕ್ಕೆ ಸರಿಯುತ್ತದೆ, ಒತ್ತಡಕ್ಕೆ ಆ ಅಂಗಾಂಶ ಹಿಸುಕಿಹೋಗಿ ವಿಷ ಗೀರಿನಗುಂಟ ಗಾಯಕ್ಕೆ ಇಳಿಯುತ್ತದೆ. ಇಂಕ್ ಪೆನ್ನಿನ ನಿಬ್ಬಿನ ಸೀಳಿನಲ್ಲಿ ಶಾಯಿ ಇಳಿಯುವುದಿಲ್ವಾ, ಹಾಗೆ.

ಹಾಗಾಗಿ ಮೀನು ಬೇಕೆಂದು ಕಚ್ಚಲಿಲ್ಲ, ಅಟ್ಟಿಸಿಕೊಂಡೂ ಬರಲಿಲ್ಲ. ನಾವು ಒತ್ತಿದೆವು, ಅದು ಚುಚ್ಚಿತು. ತನ್ನನ್ನು ನುಂಗಲು ಬರುವ ದೊಡ್ಡ ಮೀನಿನ ಗಂಟಲಿಗೆ ಸಿಕ್ಕಿಕೊಳ್ಳಲಿ ಅಂತ ಇಟ್ಟುಕೊಂಡ ಸಾಧನ ಅದು. ಬೇಟೆಯಾಡಲು ಬಳಸುವುದಿಲ್ಲ. ಏಡಿ, ಸೀಗಡಿ, ಸಣ್ಣ ಮೀನುಗಳನ್ನು ಬಾಯಿ ಅಗಲಿಸಿ ಸೀದಾ ಒಳಗೆ ಎಳೆದುಕೊಳ್ಳುತ್ತದೆ, ಅಷ್ಟೆ. ಇಷ್ಟು ಮುಳ್ಳಿದ್ದರೂ ಲಿಂಗ್‌ಕಾಡ್ ಅನ್ನುವ ದೊಡ್ಡ ಮೀನು, ಕಡಲಸಿಂಹಗಳು ಇದನ್ನು ತಿನ್ನದೇ ಬಿಡುವುದಿಲ್ಲ.

ಚುಚ್ಚಿದ ಜಾಗ ಕೆಂಪಾಗುತ್ತದೆ, ಊದುತ್ತದೆ, ಕೆಲವು ಗಂಟೆ ಚೆನ್ನಾಗಿಯೇ ನೋಯುತ್ತದೆ. ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಇದೇ ದೂರದ ಬಳಗದ ಸ್ಟೋನ್‌ಫಿಶ್ ಅನ್ನುವುದು ಬೆಚ್ಚನೆ ಕಡಲಿನದು, ಅದು ಭಯಂಕರ. ಅದರ ವಿಷಕ್ಕೆ ಆಸ್ಟ್ರೇಲಿಯಾದಲ್ಲಿ 1959ರಿಂದ ಪ್ರತಿವಿಷವನ್ನೇ ತಯಾರಿಸುತ್ತಿದ್ದಾರೆ. ಇಂಟರ್‌ನೆಟ್ಟಿನಲ್ಲಿ 'ವಿಷದ ಮೀನು' ಅಂತ ಹುಡುಕಿದರೆ ಮೊದಲು ಬರುವುದು ಆ ಸ್ಟೋನ್‌ಫಿಶ್ ಚಿತ್ರಗಳೇ. ಅಕ್ಕನ ಸೊಸೆ ಅದನ್ನೇ ಹುಡುಕಿ ತೋರಿಸಿ ಅರ್ಧ ಜೀವ ತೆಗೆದಿದ್ದಳು!

ಬಿಸಿನೀರು ಯಾಕೆ ಕೆಲಸ ಮಾಡುತ್ತೆ? ಈ ವಿಷಗಳು ಪ್ರೋಟೀನ್‌ಗಳು. ಪ್ರೋಟೀನಿಗೆ ಬಿಸಿ ಆಗಿಬರುವುದಿಲ್ಲ. ಮೊಟ್ಟೆಯ ಬಿಳಿ ಬಿಸಿಗೆ ಗಟ್ಟಿಯಾಗುತ್ತಲ್ಲ, ಆಮೇಲೆ ಎಷ್ಟೇ ತಣ್ಣಗಾದರೂ ಮೊದಲಿನ ಲೋಳೆಯಾಗುವುದಿಲ್ಲ. ಹಾಗೆಯೇ ಮೀನಿನ ವಿಷದ ಪ್ರೋಟೀನೂ ಬಿಸಿಗೆ ತನ್ನ ಆಕಾರ ಕಳೆದುಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಮೊಟ್ಟೆಗೆ ಬೇಕಾದಷ್ಟು ಬಿಸಿ ಇದಕ್ಕೆ ಬೇಡ. ಚರ್ಮ ತಡೆಯುವಷ್ಟು ಸಾಕು.

ನೀರು ಹೆಚ್ಚೆಂದರೆ 45 ಡಿಗ್ರಿ ಇರಬೇಕು, ಅಂದರೆ ಸ್ನಾನದ ನೀರಿಗಿಂತ ತುಸು ಬಿಸಿ. ಅರ್ಧ ಗಂಟೆಯಿಂದ ಒಂದೂವರೆ ಗಂಟೆವರೆಗೆ ಅದ್ದಿಡಬೇಕು. ನೋಯುವ ಕೈಗೆ ಬಿಸಿಯ ಅಂದಾಜು ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ನೀರನ್ನು ಇನ್ನೊಂದು ಕೈಯಲ್ಲಿ ಮುಟ್ಟಿ ನೋಡಬೇಕು. ಇಲ್ಲದಿದ್ದರೆ ವಿಷದ ಉರಿ ಇಳಿದರೂ ಬಿಸಿಗೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಗಾಯ ತೊಳೆಯಬೇಕು, ಮುಳ್ಳಿನ ಚೂರು ಒಳಗೆ ಉಳಿದಿದ್ದರೆ ಡಾಕ್ಟರ ಹತ್ತಿರ ತೆಗೆಸಬೇಕು, ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂತ ನೋಡಿಕೊಳ್ಳಬೇಕು. ಉಸಿರು ಕಟ್ಟಿದರೆ, ತಲೆ ಸುತ್ತಿದರೆ, ಊತ ಮೇಲೇರುತ್ತಾ ಹೋದರೆ ತಡ ಮಾಡದೆ ಆಸ್ಪತ್ರೆ. ಇನ್ನೊಂದು ಮಾತು: ಹಾವು ಕಚ್ಚಿದರೆ ಈ ಬಿಸಿನೀರಿನ ಉಪಾಯ ಖಂಡಿತ ಬೇಡ. ಅದಕ್ಕೆ ಆಸ್ಪತ್ರೆಯೊಂದೇ ದಾರಿ.

ಇಷ್ಟು ಹೇಳಿದ ಮೇಲೆ ಅಕ್ಕ ಮಗನಿಗೆ ಫೋನು ಮಾಡಿದರು. ಅವನು ಆಗಲೇ ಬಿಸಿನೀರಿನಲ್ಲಿ ಹೆಬ್ಬೆರಳು ಅದ್ದಿಕೊಂಡು ಟಿವಿ ನೋಡುತ್ತಿದ್ದನಂತೆ. ದೋಣಿಯವರೇ ಹೇಳಿ ಕಳಿಸಿದ್ದರು. ವಿಷದ ವಿಚಾರ ಅಲ್ಲಿಗೆ ಮುಗಿಯಿತು. ನಿಜ ಹೇಳಬೇಕೆಂದರೆ ಈ ಮೀನಿನ ವಿಷಯದಲ್ಲಿ ವಿಷ ಸಣ್ಣ ಸಂಗತಿ. ಅವನು ಆಮೇಲೆ ಹೇಳಿದ ಒಂದು ಮಾತು ನನಗೆ ಹೆಚ್ಚು ಕುತೂಹಲದ್ದಾಗಿ ಕಂಡಿತು. ಮೀನನ್ನು ಮನೆಗೆ ತರೋ ಹಾಗಿರಲಿಲ್ಲವಂತೆ. ದೋಣಿಯವರು ಅದನ್ನು ವಾಪಸ್ ಸಮುದ್ರಕ್ಕೇ, ಅದೂ ಒಂದು ಸಲಕರಣೆಗೆ ಸಿಕ್ಕಿಸಿ, ಜೋಪಾನವಾಗಿ ತಳಕ್ಕೆ ಬಿಟ್ಟರಂತೆ. ಕೈಗೆ ಚುಚ್ಚಿದ ಮೀನಿಗೆ ಇಷ್ಟೊಂದು ಉಪಚಾರ ಯಾಕೆ?

ಅದಕ್ಕೆ ಉತ್ತರ ಬೇಕಾದರೆ ಈ ಮೀನು ಬದುಕುವ ರೀತಿ ನೋಡಬೇಕು.

ಕೊರೆಯುವ ನೀರು, ತುಂಬಿದ ಹೊಟ್ಟೆ

ಒರೆಗಾನ್ ಕಡೆಯ ಸಮುದ್ರ ಬೇಸಿಗೆಯಲ್ಲೂ ಕೊರೆಯುತ್ತದೆ. ನೀರು ಹತ್ತು ಹನ್ನೆರಡು ಡಿಗ್ರಿಯ ಆಸುಪಾಸು. ಬೇಸಿಗೆಯಲ್ಲಿ ಅಲ್ಲಿ ಉತ್ತರದಿಂದ ಗಾಳಿ ಬೀಸುತ್ತದೆ. ಆ ಗಾಳಿಯೂ ಭೂಮಿ ತಿರುಗುವುದೂ ಸೇರಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತವೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ಸಾರಿನ ಪಾತ್ರೆಗೆ ಸೌಟು ಹಾಕಿ ತಳದಿಂದ ಕದಡಿದರೆ ಕೂತಿದ್ದ ಬೇಳೆ ಮೇಲೆ ಬರುವಂತೆ, ಆ ನೀರಿನ ಜೊತೆ ತಳದ ಸತ್ವವೆಲ್ಲ ಮೇಲೆ ಬರುತ್ತದೆ. ಅದನ್ನು ತಿಂದು ಕಣ್ಣಿಗೆ ಕಾಣದ ಪಾಚಿ ಬೆಳೆಯುತ್ತದೆ, ಪಾಚಿ ತಿಂದು ಸೀಗಡಿ ಮರಿ, ಸೀಗಡಿ ತಿಂದು ಮೀನು. ತಣ್ಣಗಿದ್ದರೂ ಅನ್ನಕ್ಕೆ ಬರವಿಲ್ಲದ ಜಾಗ.

ಮೀನಿನ ಮೈ ಸುತ್ತಲಿನ ನೀರಿನಷ್ಟೇ ತಣ್ಣಗಿರುತ್ತದೆ. ತಣ್ಣನೆ ಮೈಯಲ್ಲಿ ಎಲ್ಲವೂ ನಿಧಾನ. ಜೀರ್ಣ ನಿಧಾನ, ಬೆಳವಣಿಗೆ ನಿಧಾನ. ನಮ್ಮ ಕೆರೆಗೆ ಬಿಟ್ಟ ಕಾಟ್ಲಾ ಮರಿ ಒಂದು ವರ್ಷದೊಳಗೆ ಕಿಲೋ ತೂಗುತ್ತದೆ, ಗುತ್ತಿಗೆದಾರರು ಬಲೆ ಹಾಕಿ ಎತ್ತುತ್ತಾರೆ. ಕ್ವಿಲ್‌ಬ್ಯಾಕ್ ಪ್ರಾಯಕ್ಕೆ ಬರಲು ಸುಮಾರು ಹತ್ತು ಹನ್ನೊಂದು ವರ್ಷ ಬೇಕು. ಮೀನಿಗೆ ಹನ್ನೊಂದು ವರ್ಷ!

ಸೈಟಿನ ಕಾಲುಭಾಗದಷ್ಟು ಜಾಗ

ಇದು ಊರೂರು ಸುತ್ತುವ ಮೀನೂ ಅಲ್ಲ. ಒಳ್ಳೆಯ ಬಂಡೆ, ಬೇಕಾದಷ್ಟು ಸಂದು ಸಿಕ್ಕಿಬಿಟ್ಟರೆ ಸುಮಾರು 30 ಚದರ ಮೀಟರ್ ಜಾಗದಲ್ಲೇ ಓಡಾಡಿಕೊಂಡಿರುತ್ತದೆ ಅಂತ ಗುರುತುಪಟ್ಟಿ ಕಟ್ಟಿ ನೋಡಿದವರು ಕಂಡುಕೊಂಡಿದ್ದಾರೆ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಥರ್ಟಿ ಫಾರ್ಟಿ ಸೈಟಿನ ಕಾಲುಭಾಗಕ್ಕಿಂತ ತುಸು ಜಾಸ್ತಿ. ಹಿಡಿದು ಬೇರೆ ಕಡೆ ಬಿಟ್ಟರೂ ಎಷ್ಟೋ ಮೀನುಗಳು ತಮ್ಮ ಬಂಡೆ ಹುಡುಕಿಕೊಂಡು ವಾಪಸ್ ಬಂದಿವೆ.

ಮಧುಗಿರಿ ಬೆಟ್ಟ ಹತ್ತಿದವರು ಓತಿಕ್ಯಾತವನ್ನು ನೋಡಿರುತ್ತೀರಿ. ಒಂದು ಬಂಡೆ, ಒಂದು ಬಿರುಕು. ಮನುಷ್ಯ ಬಂದರೆ ಬಿರುಕಿಗೆ, ಹೋದರೆ ಮತ್ತೆ ಬಂಡೆಗೆ. ಬಂಡೆಮೀನಿನದೂ ಇದೇ ದಿನಚರಿ. ಮೀನುಗಾರರಿಗೆ ಇದು ಅನುಕೂಲ, ಮೀನಿಗೆ ಕಷ್ಟ. ಒಂದು ಬಂಡೆಯ ಮೇಲೆ ನಾಲ್ಕು ದಿನ ಗಾಳ ಹಾಕಿದರೆ ಆ ಬಂಡೆ ಖಾಲಿ. ಅದು ಮತ್ತೆ ತುಂಬಲು ವರ್ಷಗಟ್ಟಲೆ ಬೇಕು.

ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ

ಮೀನು ಅಂದರೆ ಮೊಟ್ಟೆ ಇಡುತ್ತೆ ಅಂತ ನಾವು ಅಂದುಕೊಂಡಿರುತ್ತೇವೆ. ಬಂಡೆಮೀನು ಮರಿ ಹಾಕುತ್ತದೆ. ಸೊಳ್ಳೆ ನಾಶಕ್ಕೆ ಅಂತ ತೊಟ್ಟಿಗೆ ಬಿಡುವ ಗಪ್ಪಿ ಮೀನು ನೋಡಿದ್ದೀರಲ್ಲ, ಅದೂ ಮರಿ ಹಾಕುವ ಮೀನೇ. ಆದರೆ ಗಪ್ಪಿ ಹಾಕುವುದು ಹತ್ತಿಪ್ಪತ್ತು, ಹೆಚ್ಚೆಂದರೆ ನೂರು. ಬಂಡೆಮೀನುಗಳ ಲೆಕ್ಕ ಸಾವಿರ, ಲಕ್ಷದಲ್ಲಿ. ದೊಡ್ಡ ಜಾತಿಗಳಲ್ಲಿ ಒಂದೇ ತಾಯಿ ಒಂದು ವರ್ಷಕ್ಕೆ ಹತ್ತು ಲಕ್ಷ ದಾಟಿಸುವುದೂ ಉಂಟು. ಹೆಣ್ಣುಮೀನು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು, ಕಾಲ ಕೂಡಿ ಬಂದಾಗ ಬಳಸಿಕೊಳ್ಳುತ್ತದೆ.

ಹುಟ್ಟುವ ಮರಿ ಅಕ್ಕಿಕಾಳಿನಷ್ಟು. ಅದು ತಿಂಗಳುಗಟ್ಟಲೆ ತೆರೆಯ ಜೊತೆ ತೇಲಬೇಕು. ಆ ಹೊತ್ತಿಗೆ ಸರಿಯಾದ ಗಾಳಿ, ಸರಿಯಾದ ಆಹಾರ ಒದಗದಿದ್ದರೆ ಅಷ್ಟೂ ಲಕ್ಷ ಮಣ್ಣುಪಾಲು. ಎಷ್ಟೋ ವರ್ಷ ಹೀಗೇ ಆಗುತ್ತದೆ.

ಪಾವಗಡದ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶೇಂಗಾ ಬಿತ್ತುತ್ತಾರೆ, ಮಳೆ ಕೈಕೊಡುತ್ತದೆ. ಮತ್ತೆ ಬಿತ್ತುತ್ತಾರೆ, ಮತ್ತೆ ಕೈಕೊಡುತ್ತದೆ. ಯಾವುದೋ ಒಂದು ವರ್ಷ ಮಳೆ ಹದವಾಗಿ ಬಂದು ಮನೆ ತುಂಬುತ್ತದೆ. ಆ ಒಂದು ವರ್ಷದವರೆಗೆ ತಡೆದುಕೊಂಡು ಬಿತ್ತುತ್ತಲೇ ಇರುವ ತಾಕತ್ತು ಬೇಕು. ಬಂಡೆಮೀನಿನ ತಾಕತ್ತು ಅದರ ಆಯಸ್ಸು. ದಶಕಗಟ್ಟಲೆ ಪ್ರತಿ ವರ್ಷ ಮರಿ ಬಿತ್ತುತ್ತಲೇ ಇರುತ್ತದೆ, ಒಳ್ಳೆ ವರ್ಷ ಒಂದೆರಡು ಸಿಕ್ಕರೆ ಸಂಸಾರ ಉಳಿಯಿತು.

ಅದರಲ್ಲೂ ವಯಸ್ಸಾದ ತಾಯಂದಿರ ಬೆಲೆ ಹೆಚ್ಚು. ಕಪ್ಪು ಬಂಡೆಮೀನಿನ ಮೇಲೆ ನಡೆದ ಪ್ರಯೋಗಗಳಲ್ಲಿ ಹಿರಿಯ ತಾಯಿಯ ಮರಿಗಳಿಗೆ ಹುಟ್ಟುವಾಗಲೇ ಎಣ್ಣೆಯ ಬುತ್ತಿ ದೊಡ್ಡದಿತ್ತು. ಅವು ಬೇಗ ಬೆಳೆದವು, ಉಪವಾಸವನ್ನೂ ಹೆಚ್ಚು ದಿನ ತಡೆದವು. ದೊಡ್ಡ ಮೀನನ್ನೇ ಹಿಡಿಯಬೇಕು ಅನ್ನೋದು ಗಾಳ ಹಾಕುವವರ ಸಹಜ ಆಸೆ. ಈ ಕುಲದ ಮಟ್ಟಿಗೆ ಅದು ಬಿತ್ತನೆ ಬೀಜವನ್ನೇ ಬೇಯಿಸಿ ಉಂಡಂತೆ.

ಅಜ್ಜನಿಗಿಂತ ಹಿರಿಯ ಮೀನು

ಎಷ್ಟು ಆಯಸ್ಸು? ಕ್ವಿಲ್‌ಬ್ಯಾಕ್‌ನಲ್ಲಿ ಕಂಡಿರುವ ಗರಿಷ್ಠ 95 ವರ್ಷ. ಸ್ವಾತಂತ್ರ್ಯ ಬರುವುದಕ್ಕೆ ಹದಿನೇಳು ವರ್ಷ ಮುಂಚೆ, 1930ರಲ್ಲಿ ಹುಟ್ಟಿದ ಮೀನು 2025ರವರೆಗೂ ಅದೇ ಬಂಡೆಯ ಸಂದಿಯಲ್ಲಿ ಇರಬಹುದು. ಇದೇ ಕುಲದ ರಫ್‌ಐ ರಾಕ್‌ಫಿಶ್ ಅನ್ನುವುದರ ದಾಖಲೆ 205 ವರ್ಷ. ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಸತ್ತದ್ದು 1799ರಲ್ಲಿ. ಆ ವರ್ಷ ಹುಟ್ಟಿದ ಮೀನಿಗೆ ಅಷ್ಟು ಆಯಸ್ಸಿದ್ದರೆ 2004ರವರೆಗೂ ಈಜಾಡಿರುತ್ತಿತ್ತು. ಅದೇ ಮನೆತನದ ಕ್ಯಾಲಿಕೊ ಅನ್ನುವ ಪುಟ್ಟ ಜಾತಿ ಬದುಕುವುದು ಹನ್ನೊಂದೇ ವರ್ಷ. ಒಂದೇ ಮನೆತನದಲ್ಲಿ ಇಷ್ಟೊಂದು ವ್ಯತ್ಯಾಸ ಯಾಕೆ ಅಂತ ತಿಳಿಯಲು 88 ಜಾತಿಗಳ ವಂಶವಾಹಿಗಳನ್ನು ಓದಿದ ಅಧ್ಯಯನ 2021ರಲ್ಲಿ ಬಂತು. ದೀರ್ಘಾಯುಷಿಗಳಲ್ಲಿ ಡಿಎನ್‌ಎ ಕೆಟ್ಟರೆ ರಿಪೇರಿ ಮಾಡುವ ವ್ಯವಸ್ಥೆಯ ಜೀನುಗಳಲ್ಲಿ ಬದಲಾವಣೆ ಕಂಡಿತು.

"ಮೀನಿನ ವಯಸ್ಸು ಯಾರು ಬರ್ದಿಟ್ಟಿರ್ತಾರೆ?" ಅಂದರು ಅಕ್ಕ. ಮೀನೇ ಬರೆದಿಟ್ಟುಕೊಂಡಿರುತ್ತದೆ. ಅದರ ತಲೆಯೊಳಗೆ, ಒಳಕಿವಿಯಲ್ಲಿ, ಸುಣ್ಣದ ಪುಟ್ಟ ಕಲ್ಲುಗಳಿರುತ್ತವೆ. ಮೈಯ ಸಮತೋಲಕ್ಕೆ, ಕೇಳುವುದಕ್ಕೆ ಬೇಕಾದವು. ಮೀನು ಬೆಳೆದಂತೆ ಕಲ್ಲಿನ ಮೇಲೆ ಪದರ ಪದರವಾಗಿ ಸುಣ್ಣ ಕೂರುತ್ತದೆ. ಬೇಸಿಗೆಯ ಪದರ ದಪ್ಪ, ಚಳಿಗಾಲದ್ದು ತೆಳು. ತೇಗದ ದಿಮ್ಮಿ ಕೊಯ್ದಾಗ ಬಳೆಗಳು ಕಾಣುತ್ತವಲ್ಲ, ಹಾಗೆಯೇ. ಕಲ್ಲನ್ನು ನಡುವೆ ಮುರಿದು, ಮುರಿದ ಮುಖವನ್ನು ದೀಪದ ಉರಿಗೆ ಹಿಡಿದು ತುಸು ಕಂದಿಸುತ್ತಾರೆ. ಆಗ ಬಳೆಗಳು ಎದ್ದು ಕಾಣುತ್ತವೆ. ಸೂಕ್ಷ್ಮದರ್ಶಕದಡಿ ಇಟ್ಟು ಎಣಿಸಬೇಕು.

ಎಣಿಕೆ ಸರಿಯಾ ಅಂತ ತಾಳೆ ನೋಡಿದ ಬಗೆ ಇನ್ನೂ ಸ್ವಾರಸ್ಯದ್ದು. 1950-60ರ ದಶಕಗಳಲ್ಲಿ ದೊಡ್ಡ ದೇಶಗಳು ಬಯಲಲ್ಲೇ ಅಣುಬಾಂಬು ಸಿಡಿಸಿ ನೋಡುತ್ತಿದ್ದವು. ಅದರಿಂದ ಗಾಳಿಯಲ್ಲಿ, ಆಮೇಲೆ ಸಮುದ್ರದಲ್ಲಿ ಕಾರ್ಬನ್-14 ಅನ್ನುವ ವಿಕಿರಣ ಸೂಸುವ ಇಂಗಾಲ ದಿಢೀರ್ ಹೆಚ್ಚಿತು. ಆ ಕಾಲದಲ್ಲಿ ಹುಟ್ಟಿದ ಮೀನುಗಳ ಕಿವಿಕಲ್ಲಿನ ನಡುಭಾಗದಲ್ಲಿ ಆ ಗುರುತು ಕೂತಿದೆ. ಅದಕ್ಕೂ ಮುಂಚೆ ಹುಟ್ಟಿದವುಗಳಲ್ಲಿ ಇಲ್ಲ. ಬಳೆ ಎಣಿಸಿ ಬಂದ ಹುಟ್ಟಿದ ವರ್ಷವೂ ಬಾಂಬಿನ ಗುರುತೂ ಹೊಂದಿಕೆಯಾದವು.

ಮೇಲೆ ಬಂದರೆ ಯಾಕೆ ಸಾಯುತ್ತೆ?

ಇನ್ನು ಆ ಸಲಕರಣೆ. ಮೀನಿನ ಹೊಟ್ಟೆಯೊಳಗೆ ಗಾಳಿಚೀಲ ಇರುತ್ತದೆ, ನೀರಿನಲ್ಲಿ ಮುಳುಗದೆ ತೇಲದೆ ನಿಲ್ಲಲು. ನಮ್ಮ ರೋಹು, ಕಾಟ್ಲಾಗಳ ಗಾಳಿಚೀಲದಿಂದ ಅನ್ನನಾಳಕ್ಕೆ ಒಂದು ಕೊಳವೆ ಇದೆ. ಗಾಳಿ ಜಾಸ್ತಿಯಾದರೆ ತೇಗಿದಂತೆ ಹೊರಬಿಡುತ್ತವೆ. ಬಂಡೆಮೀನಿಗೆ ಆ ಕೊಳವೆ ಇಲ್ಲ. ಚೀಲ ಪೂರ್ತಿ ಮುಚ್ಚಿದ್ದು, ಗಾಳಿ ರಕ್ತದ ಮೂಲಕವೇ ನಿಧಾನವಾಗಿ ಹೋಗಿಬರಬೇಕು.

ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 40 ಮೀಟರ್ ಕೆಳಗೆ ಮೇಲಿನ ಐದು ಪಟ್ಟು. ಅಲ್ಲಿಂದ ಒಂದೆರಡು ನಿಮಿಷದಲ್ಲಿ ಗಾಳ ಎಳೆದು ಮೇಲೆ ತಂದರೆ ಚೀಲದ ಗಾಳಿ ಐದು ಪಟ್ಟು ಹಿಗ್ಗಲು ನೋಡುತ್ತದೆ. ಮುಳ್ಳಯ್ಯನಗಿರಿಗೆ ಹೋಗುವಾಗ ಕಾರಿನಲ್ಲಿಟ್ಟ ಚಿಪ್ಸ್ ಪ್ಯಾಕೆಟ್ ಉಬ್ಬಿ ಬಿಗಿಯಾಗುವುದನ್ನು ಕಂಡಿರುತ್ತೀರಿ, ಅದರ ಎಷ್ಟೋ ಪಾಲು ಜೋರು ಇದು. ಹೊಟ್ಟೆ ತಿರುವುಮುರುವಾಗಿ ಬಾಯಿಂದ ಹೊರಗೆ ಬರುತ್ತದೆ. ಕಣ್ಣು ಗುಡ್ಡೆ ಸಮೇತ ಮುಂದಕ್ಕೆ ಚಾಚುತ್ತದೆ. ಹೀಗಾದ ಮೀನನ್ನು ಸುಮ್ನೆ ನೀರಿಗೆ ಎಸೆದರೆ ಬೆಂಡಿನ ಹಾಗೆ ತೇಲುತ್ತದೆ, ಕೆಳಗಿಳಿಯಲಾಗದೆ ಹಕ್ಕಿಗಳ ಪಾಲಾಗುತ್ತದೆ.

ಉಪಾಯ ಸರಳ. ಬಂದ ಆಳಕ್ಕೇ ವಾಪಸ್ ಕಳಿಸುವುದು. ಭಾರವಾದ ಗುಂಡು ಕಟ್ಟಿದ ಒಂದು ಚಿಮ್ಮಟ, ಅದಕ್ಕೆ ಮೀನಿನ ತುಟಿ ಸಿಕ್ಕಿಸಿ ಇಳಿಬಿಡುತ್ತಾರೆ. ಇಳಿದಂತೆ ಒತ್ತಡ ಹೆಚ್ಚಿ ಗಾಳಿ ಕುಗ್ಗುತ್ತದೆ, ಹೊಟ್ಟೆ, ಕಣ್ಣು ಒಳಕ್ಕೆ ಸರಿಯುತ್ತವೆ. ತಳ ಮುಟ್ಟುವ ಹೊತ್ತಿಗೆ ಚಿಮ್ಮಟ ಬಿಟ್ಟುಕೊಳ್ಳುತ್ತದೆ. ಅಲಾಸ್ಕಾ, ವಾಷಿಂಗ್ಟನ್, ಒರೆಗಾನ್ ರಾಜ್ಯಗಳಲ್ಲಿ ಇಂಥ ಸಲಕರಣೆಯನ್ನು ದೋಣಿಯಲ್ಲಿ ಇಟ್ಟುಕೊಂಡಿರಬೇಕು ಅಂತ ನಿಯಮವೇ ಇದೆ. ಕ್ಯಾಲಿಫೋರ್ನಿಯಾ 2023ರಲ್ಲಿ ಕ್ವಿಲ್‌ಬ್ಯಾಕ್ ಇಟ್ಟುಕೊಳ್ಳುವುದನ್ನೇ ನಿಲ್ಲಿಸಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿಯಲ್ಲಿ ಬಂಡೆಮೀನುಗಳಿಗಾಗಿ 164 ಜಾಗಗಳನ್ನು ಬಿಟ್ಟುಕೊಟ್ಟಿದ್ದಾರೆ, ಅಲ್ಲಿ ಇವಕ್ಕೆ ಗಾಳ ಹಾಕುವಂತಿಲ್ಲ.

ಸಂಜೆ ಅಕ್ಕ ಮತ್ತೆ ಕಾಂಪೌಂಡಿನ ಹತ್ತಿರ ಬಂದರು. ಮಗನ ಊತ ಇಳಿದಿದೆ ಅಂದರು. ಆಮೇಲೆ ಫೋನು ನನ್ನ ಕೈಗೆ ಕೊಟ್ಟು, "ಆ ಮೀನಿಗೆ ಎಷ್ಟು ವಯಸ್ಸಾಗಿತ್ತು ಅಂತ ನೀವೇ ಕೇಳಿ ಮೇಷ್ಟ್ರೇ" ಅಂದರು. ಕೇಳಿದೆ. ಅವನು ನಕ್ಕ. ಒಂದೂಕಾಲು ಅಡಿ ಇತ್ತಂತೆ. ಅದರಿಂದ ಏನೂ ಹೇಳಲು ಬರುವುದಿಲ್ಲ. ಒಂದು ಹಂತದ ಮೇಲೆ ಇವು ಉದ್ದ ಬೆಳೆಯುವುದು ಬಹುಮಟ್ಟಿಗೆ ನಿಂತುಬಿಡುತ್ತದೆ. ಹದಿನೈದರ ಮೀನೂ ಅಷ್ಟೇ ಇರಬಹುದು, ಐವತ್ತರದ್ದೂ ಅಷ್ಟೇ ಇರಬಹುದು. ಲೆಕ್ಕ ಬೇಕಾದರೆ ಕಿವಿಕಲ್ಲು ತೆಗೆದು ಮುರಿಯಬೇಕು. ಆ ಕಲ್ಲು ಈಗ ನಲವತ್ತು ಮೀಟರ್ ಕೆಳಗೆ, ಯಾವುದೋ ಬಂಡೆಯ ಸಂದಿಯಲ್ಲಿ, ಅದರ ತಲೆಯೊಳಗೇ ಇದೆ.